ಹಿಂದಿನ ಸೀಟಿನಲ್ಲಿ ಕೂತಿದ್ದ ನಿಮ್ಮಪ್ಪ

ಶಿಡ್ಲಘಟ್ಟ
12 ಜನವರಿ 2009

ಪ್ರೊಫೆಸರ್ ಮಧುಸೂದನ್ ಅವರಿಗೆ,

ಮೂವತ್ತು ವರ್ಷ ‘ಲೇ ಮಧು’ ಅಂತ ಕರೆದ ಬಾಯಿಗೆ ಈ ‘ಅವರಿಗೆ’ ಹೊಸದು. ಅಭ್ಯಾಸ ಮಾಡಿಕೊಳ್ಳುತ್ತಿದ್ದೇನೆ. ನಿಮ್ಮ ಕಾಲೇಜಿನ ಜವಾನ ಎರ್ರಪ್ಪನ ಕೈಲಿ ನೀನು ಕಳಿಸಿದ ಚೀಟಿ ಬಂತು. “ಅಂಬಾಸಿಡರ್ ಬೆಳಿಗ್ಗೆ ಹೊತ್ತು ಸ್ಟಾರ್ಟ್ ಆಗ್ತಿಲ್ಲ. ಎರಡು ತಿಂಗಳಿಂದ ಚಿಕ್ಕಬಳ್ಳಾಪುರದ ಕಡೆ ತಲೆ ಹಾಕಿಲ್ಲ, ಯಾಕೋ? ಪುರುಸೊತ್ತು ಮಾಡ್ಕೊಂಡು ಬಾ” ಅಂತ ಬರೆದಿದ್ದೀಯ. ಯಾಕೆ ಬಂದಿಲ್ಲ ಅಂತ ನಿನಗೆ ನಿಜವಾಗಿಯೂ ಗೊತ್ತಿಲ್ಲ, ಅದೇ ನಿನ್ನ ವಿಶೇಷ. ಎರ್ರಪ್ಪ ಉತ್ತರಕ್ಕೆ ಕಾಯುತ್ತಿದ್ದ. ಟೀ ಕುಡಿಸಿ ಕಳಿಸಿಬಿಟ್ಟೆ. ಉತ್ತರ ಇಲ್ಲಿದೆ.

ನಮ್ಮ ಸ್ನೇಹ ಮೊದಲಿನಿಂದಲೂ ಕೊಡುವುದು ತೆಗೆದುಕೊಳ್ಳುವುದರ ಮೇಲೆ ನಿಂತದ್ದು. ಮೇಲೂರಿನ ಶಾಲೆಯಲ್ಲಿ ನೀನು ನನಗೆ ಇಂಗ್ಲಿಷ್ ಹೇಳಿಕೊಟ್ಟೆ, ನಾನು ನಿನಗೆ ಸೈಕಲ್ ಚೈನು ಹಾಕುವುದು ಹೇಳಿಕೊಟ್ಟೆ. ನೀನು ಎಂ.ಎ. ಮಾಡಿ ಕಾಲೇಜು ಸೇರಿದೆ, ನಾನು ಗ್ಯಾರೇಜು ಸೇರಿದೆ. ಹಳೇ ಅಂಬಾಸಿಡರ್ ಕೊಂಡ ಮೇಲೆ ನೀನು ಒಂದು ಭಾನುವಾರವೂ ಗ್ಯಾರೇಜಿಗೆ ಬರುವುದು ತಪ್ಪಿಸುತ್ತಿರಲಿಲ್ಲ. ಪ್ಲಗ್ ಬಿಚ್ಚಿ ಒರೆಸುವುದು ಹೇಗೆ, ರೇಡಿಯೇಟರಿಗೆ ನೀರು ಯಾವಾಗ ಹಾಕಬೇಕು, ಸದ್ದು ಕೇಳಿಯೇ ಇಂಜಿನ್ನಿನ ಕಾಯಿಲೆ ಹೇಗೆ ತಿಳಿಯಬೇಕು, ಎಲ್ಲ ಕೇಳುತ್ತಿದ್ದೆ, ಎಲ್ಲ ಬರೆದುಕೊಳ್ಳುತ್ತಿದ್ದೆ. ಐದು ವರ್ಷದಲ್ಲಿ ಒಂದು ಸಲವೂ ಬಾನೆಟ್ ಒಳಗೆ ಕೈ ಹಾಕಲಿಲ್ಲ. ಬಿಳಿ ಶರ್ಟಿಗೆ ಕಲೆ ಆಗದಷ್ಟು ದೂರದಲ್ಲಿ ನಿಂತು, ಸ್ಪ್ಯಾನರ್ ಹಿಡಿದವನಿಗಿಂತ ಹೆಚ್ಚು ತಿಳಿದವನ ಹಾಗೆ ತಲೆಯಾಡಿಸುತ್ತಿದ್ದೆ. ಆಗ ನನಗೆ ಅದು ತಮಾಷೆಯಾಗಿ ಕಾಣುತ್ತಿತ್ತು.

ಒಂದು ಮಾತು ಮಾತ್ರ ಹೇಳಲೇಬೇಕು. ನನ್ನ ಅಮ್ಮ ಚಿಕ್ಕವೆಂಕಟಮ್ಮ ಪಾರ್ಶ್ವವಾಯು ಹೊಡೆದು ಬಿದ್ದಾಗ ಡಾಕ್ಟರ ಮುಂದೆ ನನ್ನ ನಾಲಿಗೆ ಏಳುತ್ತಿರಲಿಲ್ಲ. ಏನೇನು ಕೇಳಬೇಕು ಅಂತ ನೀನು ಒಂದು ಹಾಳೆಯ ತುಂಬ ಬರೆದುಕೊಟ್ಟೆ. “ಅವರೂ ನಿನ್ನ ಹಾಗೇ ರಿಪೇರಿ ಮಾಡೋರು ಕಣೋ, ಹೆದರ್ಕೋಬೇಡ, ಕೇಳು” ಅಂತ ಧೈರ್ಯ ಹೇಳಿದೆ. ಆ ಹಾಳೆ ಇಲ್ಲದಿದ್ದರೆ ಅಮ್ಮ ಇನ್ನೂ ಮೂರು ವರ್ಷ ಬದುಕುತ್ತಿದ್ದಳೋ ಇಲ್ಲವೋ. ಆ ಮೂರು ವರ್ಷ ನಾನು ಅವಳ ಹೇಲು ಉಚ್ಚೆ ಬಾಚಿದೆ, ತಲೆ ಬಾಚಿದೆ, ಗಂಜಿ ಕುಡಿಸಿದೆ. ದೊಡ್ಡಸ್ತಿಕೆಗೆ ಹೇಳುತ್ತಿಲ್ಲ. ನನಗೆ ಗೊತ್ತಿರುವುದೆಲ್ಲ ಅಲ್ಲಿ ಕಲಿತದ್ದು, ಅದಕ್ಕೆ ಹೇಳಿದೆ.

2006ರಲ್ಲಿ ನಿಮ್ಮಪ್ಪ ವೆಂಕಟರವಣಪ್ಪನವರಿಗೂ ಹಾಗೇ ಆಯಿತು. ನೀನು ಗ್ಯಾರೇಜಿಗೆ ಓಡಿ ಬಂದು, “ಏನ್ ಮಾಡ್ಬೇಕು ಹೇಳೋ ರಾಮಾಂಜಿ” ಅಂತ ಕೈ ಹಿಡಿದುಕೊಂಡೆ. ನಾನು ಅವತ್ತು ಅಂಗಡಿ ಮುಚ್ಚಿ ನಿನ್ನ ಜೊತೆ ಬಂದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಸೊಂಟದ ಹತ್ತಿರ ಚರ್ಮ ಕೆಂಪಾದರೆ ಅವತ್ತೇ ಎಚ್ಚರವಾಗಬೇಕು, ಗಂಜಿ ಕುಡಿಸುವಾಗ ತಲೆ ಎತ್ತಿ ಹಿಡಿಯಬೇಕು ಅಂತ ಒಂದೊಂದೇ ಹೇಳಿದೆ. ಹೊರಳಿಸುವುದು ಹೇಗೆಂದು ತೋರಿಸಲು ನಾನೇ ಚಾಪೆಯ ಮೇಲೆ ಮಲಗಿ, ನನ್ನನ್ನು ಹೊರಳಿಸು ನೋಡೋಣ ಎಂದು ನಿನ್ನನ್ನು ಕರೆದೆ. ನೀನು ನಕ್ಕು, “ಅರ್ಥ ಆಯ್ತು ಬಿಡೋ” ಅಂತ ಹೇಳಿ ನೋಟ್‌ಬುಕ್ ತೆಗೆದೆ.

ತಿಂಗಳಾದ ಮೇಲೆ ನಾನು ಹೇಳದೆ ಕೇಳದೆ ಬಂದದ್ದು ನೆನಪಿದೆಯಾ? ನೋಡಿಕೊಳ್ಳಲು ಗೊತ್ತುಮಾಡಿದ್ದ ಮುನಿಶಾಮಮ್ಮ ಎರಡು ದಿನದಿಂದ ಬಂದಿರಲಿಲ್ಲ. ನೀನು ಹಾಲ್‌ನಲ್ಲಿ ಭಾಷಣ ಬರೆಯುತ್ತಿದ್ದೆ. ಮುದ್ದೇನಹಳ್ಳಿಯ ಕಡೆ ಯಾವುದೋ ಕಾರ್ಯಕ್ರಮಕ್ಕೆ, ಹಿರಿಯರನ್ನು ಹೇಗೆ ನೋಡಿಕೊಳ್ಳಬೇಕು ಅಂತ. ನಿಮ್ಮಪ್ಪನ ಕೋಣೆಯ ಬಾಗಿಲು ಮುಚ್ಚಿತ್ತು. ಯಾಕೆ ಅಂತ ಕೇಳಿದ್ದಕ್ಕೆ “ವಾಸನೆ ಕಣೋ” ಅನ್ನುವ ಉತ್ತರ. ಒಳಗೆ ಹೋಗಿ ಹೊರಳಿಸಿದರೆ ಬೆನ್ನಿನ ಕೆಳಗೆ ಅಂಗೈಯಗಲದ ಹುಣ್ಣು. ನಿನ್ನ ಹೆಂಡತಿಯ ಮೇಲೆ ನನಗೆ ತಕರಾರಿಲ್ಲ, ಅವರು ಅವಳನ್ನು ಹೆತ್ತವರಲ್ಲ, ನಾನು ಕೇಳುತ್ತಿರುವುದು ಅವರು ಹೆತ್ತ ಮಗನನ್ನು. ನೀನು ಬಾಗಿಲಲ್ಲಿ ಕರವಸ್ತ್ರ ಮೂಗಿಗೆ ಹಿಡಿದು ನಿಂತು, ಯಾವ ಮುಲಾಮು ಒಳ್ಳೆಯದು ಅಂತ ಕೇಳಿದೆಯಲ್ಲ, ಆ ಗಳಿಗೆಯಲ್ಲಿ ನಿನ್ನ ಮೇಲಿದ್ದ ಗೌರವ ಸತ್ತುಹೋಯಿತು. ಸಿಟ್ಟು ಬರಲಿಲ್ಲ. ಸಿಟ್ಟು ಮಾಡಿಕೊಳ್ಳಲೂ ಎದುರಿಗೆ ಒಬ್ಬ ಮನುಷ್ಯ ಇರಬೇಕು.

ಮಾರನೆಯ ದಿನ ನಿನ್ನ ತಂಗಿ ರೂಪ ತೊಂಡೇಬಾವಿಯಿಂದ ಬಂದು ಅಪ್ಪನನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. ಆ ಹುಣ್ಣು ಮಾಯಲು ನಾಲ್ಕು ತಿಂಗಳು ಹಿಡಿಯಿತು. ಹೊಲಿಗೆ ಮಷಿನ್ನನ್ನು ಅವರ ಮಂಚದ ಪಕ್ಕಕ್ಕೇ ಹಾಕಿಕೊಂಡು, ಹೊಲಿಯುತ್ತಾ ಎದ್ದು ಹೊರಳಿಸುತ್ತಾ ಮಾಯಿಸಿದಳು. ಅಷ್ಟರಲ್ಲಿ ನೀನು ಪಂಡಿತನಾಗಿದ್ದೆ. ಪತ್ರಿಕೆಯಲ್ಲಿ ‘ಹಿರಿಯರ ಆರೈಕೆ: ನನ್ನ ಅನುಭವ’ ಅಂತ ಲೇಖನ, ಜೊತೆಗೆ ನಿನ್ನ ಫೋಟೋ. ಓದಿದೆ. ಮಾತುಗಳೆಲ್ಲ ನನ್ನವು, ಹುಣ್ಣು ಮಾಯಿಸಿದ ಕೈಗಳು ರೂಪಳವು, ಅನುಭವ ಮಾತ್ರ ನಿನ್ನದು! ನನ್ನ ಹೆಸರು ಬೇಕಿರಲಿಲ್ಲ. ಅವಳ ಹೆಸರು ಹಾಕಿದ್ದರೆ ನಿನ್ನ ಪೆನ್ನಿನ ಇಂಕು ಖಾಲಿಯಾಗುತ್ತಿತ್ತೇ?

ಹೋದ ನವೆಂಬರಿನಲ್ಲಿ ಯಾವುದೋ ಸಂಘದವರು ಪಿತೃಸೇವೆಗೆಂದು ನಿನಗೆ ಸನ್ಮಾನ ಇಟ್ಟುಕೊಂಡರು. ಅಪ್ಪನೂ ವೇದಿಕೆಯ ಮೇಲಿದ್ದರೆ ಚೆನ್ನ ಅಂತ ನಿನಗೆ ಹೊಳೆಯಿತು. ನಿನ್ನ ಕಾರು ಸರ್ವಿಸ್‌ಗೆ ನನ್ನಲ್ಲೇ ಇತ್ತು. “ಹಂಗೇ ತೊಂಡೇಬಾವಿಗೆ ಹೋಗಿ ಅಪ್ಪನ್ನ ಕರ್ಕೊಂಡು ಬಂದ್ಬಿಡೋ” ಅಂತ ಫೋನಿನಲ್ಲಿ ಅಪ್ಪಣೆ ಕೊಟ್ಟೆ. ಮುದುಕರು ಬರಲ್ಲ ಅನ್ನುತ್ತಾರೆ, ಆ ಮಾತನ್ನು ನಿನ್ನ ಮುಖದ ಮೇಲೆ ಎಸೆಯಬಹುದು ಅಂತ ಆಸೆಯಿಂದಲೇ ಹೋದೆ. ಅವರು ಬೆಳಿಗ್ಗೆಯೇ ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಪಂಚೆ ಉಟ್ಟು ಗಾಲಿ ಕುರ್ಚಿಯಲ್ಲಿ ಕೂತಿದ್ದರು. ಸೊಟ್ಟ ಬಾಯಲ್ಲೇ, “ನನ್ ಮಗ ಕರ್ದವ್ನೆ” ಅಂದರು. ರೂಪ ಒಳಗಿನಿಂದ, “ಅಣ್ಣ ಕರೆದಿರೋದು ಅಪ್ಪನ್ನಲ್ಲ, ಗಾಲಿ ಕುರ್ಚಿನ” ಅಂತ ಗೊಣಗಿದಳು. ಆದರೂ ಚೀಲಕ್ಕೆ ಬಟ್ಟೆ ತುಂಬಿಕೊಂಡು ಅವರ ಪಕ್ಕ ಹಿಂದಿನ ಸೀಟಿನಲ್ಲಿ ಹತ್ತಿ ಕೂತಳು.

ಸಭಾಭವನದ ಮುಂದೆ ಕಾರು ನಿಲ್ಲಿಸಿದೆ. ನೀನು ರೇಷ್ಮೆ ಶಲ್ಯ ಹೊದ್ದು ಬಂದೆ, ಹಿಂದೆ ಕ್ಯಾಮೆರಾದವರು. ನಾನು ಬಾಗಿಲು ತೆಗೆದು, “ನೀನೇ ಇಳಿಸು” ಎಂದು ಹೇಳಿ ಪಕ್ಕಕ್ಕೆ ಸರಿದು ಕೈ ಕಟ್ಟಿ ನಿಂತೆ. ಬಗ್ಗಿದ ನೀನು ಅರ್ಧಕ್ಕೇ ನಿಂತುಬಿಟ್ಟೆ. ದಾರಿಯಲ್ಲಿ ಅವರ ಪಂಚೆ ಒದ್ದೆಯಾಗಿತ್ತು. ಚಾಚಿದ್ದ ನಿನ್ನ ಕೈ ವಾಪಸ್ಸು ಶಲ್ಯದೊಳಕ್ಕೆ ಹೋಯಿತು. “ರಾಮಾಂಜಿ, ನೀನೇ ಒಸಿ...” ಅಂತ ನನ್ನ ಕಡೆ ನೋಡಿದೆ. ನಾನು ಅಲ್ಲಾಡಲಿಲ್ಲ. ನಾಲ್ಕು ಜನ ನೋಡಲಿ ಅಂತ ಇದ್ದೆ. ನೋಡಿದರು ಕೂಡ. ಆಗ ನಿಮ್ಮಪ್ಪ ಒಳಗಿನಿಂದ ಹೇಳಿದ್ದು ನಿನಗೆ ಕೇಳಿಸಿತೋ ಇಲ್ಲವೋ, ನನಗೆ ಕೇಳಿಸಿತು: “ಪರವಾಲೇದು ನಾಯನಾ, ನೀನ್ ಹೋಗು. ಹೊಸಾ ಬಟ್ಟೆ ಕೊಳೆ ಆಯ್ತದೆ.”

ನೀನು ಹೋದೆ. ಮೈಕಿನಲ್ಲಿ ನಿನ್ನ ದನಿ ಹೊರಗೂ ಬಂತು. ತಂದೆಯವರಿಗೆ ಇದ್ದಕ್ಕಿದ್ದಂತೆ ಅಸ್ವಸ್ಥತೆ, ಅವರ ಆಶೀರ್ವಾದ ನನ್ನ ಜೊತೆಗಿದೆ ಅಂತ ಏನೇನೋ. ಚಪ್ಪಾಳೆ ಬಿತ್ತು.

ನಾನು ಗೆದ್ದೆ ಅಂದುಕೊಂಡು ತಿರುಗಿದರೆ, ರೂಪ ಟವೆಲು ಅಡ್ಡ ಹಿಡಿದು ಒಬ್ಬಳೇ ಅಪ್ಪನ ಪಂಚೆ ಬದಲಾಯಿಸುತ್ತಿದ್ದಳು. ನಾನು ಕೈ ಕೊಡಲು ಹೋದೆ. ಅವಳು ತಲೆ ಎತ್ತದೆ, “ನೀವಿಬ್ರೂ ಸ್ನೇಹಿತರೇ ಸರಿ, ರಾಮಾಂಜಣ್ಣ” ಅಂದಳು. ಮಧು, ಮೂವತ್ತು ವರ್ಷದಲ್ಲಿ ಯಾರೂ ನನಗೆ ಹೀಗೆ ಬೈದಿರಲಿಲ್ಲ. ನೀನು ಫೋಟೋಕ್ಕೆ ಆ ಮುದುಕರನ್ನು ಕರೆಸಿದೆ, ನಾನು ನಿನ್ನ ಮಾನ ಕಳೆಯಲು ಅವರನ್ನು ಒದ್ದೆ ಬಟ್ಟೆಯಲ್ಲಿ ಕೂರಿಸಿದೆ. ಎತ್ತಿಳಿಸುವುದು ಗೊತ್ತಿಲ್ಲದವನು ನೀನು. ಗೊತ್ತಿದ್ದೂ ಕೈ ಕಟ್ಟಿ ನಿಂತವನು ನಾನು. ಈ ಎರಡು ತಿಂಗಳು ನಿನ್ನನ್ನು ಬೈದುಕೊಳ್ಳಲು ಹೊರಟಾಗಲೆಲ್ಲ ಅರ್ಧಕ್ಕೇ ಬಾಯಿ ಕಟ್ಟುತ್ತದೆ. ನಿನ್ನ ಬಗ್ಗೆ ಇರುವ ಹೇಸಿಗೆಯೇನೂ ಕಡಿಮೆಯಾಗಿಲ್ಲ. ಅದರಲ್ಲಿ ನನಗೂ ಒಂದು ಪಾಲು ಸಿಕ್ಕಿದೆ, ಅಷ್ಟೇ.

ಈಗ ಭಾನುವಾರ ನಾನು ತೊಂಡೇಬಾವಿಗೆ ಹೋಗುತ್ತೇನೆ. ಮೊದಲ ಮೂರು ವಾರ ರೂಪ ನನ್ನನ್ನು ಜಗುಲಿಯಲ್ಲೇ ಕೂರಿಸಿದಳು. ನಾಲ್ಕನೆಯ ವಾರ ಬಿಸಿನೀರಿನ ಬಕೆಟ್ಟು ತಂದು ನನ್ನ ಮುಂದಿಟ್ಟು ಒಳಗೆ ಹೋದಳು. ನಿಮ್ಮಪ್ಪನಿಗೆ ಸ್ನಾನ ಮಾಡಿಸಿದೆ. ಬೆನ್ನು ಉಜ್ಜುವಾಗ ಅವರು, ಮಧು ಫೋಟೋ ಪೇಪರಿನಲ್ಲಿ ಚೆನ್ನಾಗಿ ಬಂದಿತ್ತಾ ಅಂತ ಕೇಳಿದರು. ಚೆನ್ನಾಗಿ ಬಂದಿತ್ತು ಅಂತ ಹೇಳಿದೆ. ನಿನಗಾಗಿ ನಾನು ಆಡಿದ ಕೊನೆಯ ಸುಳ್ಳು ಅದು.

ಕಾರಿಗೆ ಬೇರೆ ಮೆಕ್ಯಾನಿಕ್ ನೋಡಿಕೋ. ಅಪ್ಪನನ್ನು ನೋಡಬೇಕು ಅನ್ನಿಸಿದರೆ ನನ್ನನ್ನಾಗಲಿ ನೋಟ್‌ಬುಕ್ಕನ್ನಾಗಲಿ ಕೇಳಬೇಡ, ರೂಪಳನ್ನು ಕೇಳು. ಅವಳು ಜಗುಲಿಯಲ್ಲಿ ಎಷ್ಟು ವಾರ ಕೂರಿಸಿದರೆ ಅಷ್ಟು ವಾರ ಕೂತುಕೋ.

ನಿಮ್ಮಪ್ಪನವರ ಮೈ ಒಣಗಿರಲಿ, ನಿದ್ದೆ ಚೆನ್ನಾಗಿ ಬರಲಿ. ನಿನಗೆ ಏನು ಹಾರೈಸಬೇಕೋ ಎಷ್ಟು ಯೋಚಿಸಿದರೂ ಹೊಳೆಯುತ್ತಿಲ್ಲ.

ಇಂತಿ,
ಗ್ಯಾರೇಜಿನ ರಾಮಾಂಜಿನಪ್ಪ