ಒಂದೇ ಚುಚ್ಚಿಗೆ

ಭಾನುವಾರ, ಮಧ್ಯಾಹ್ನ
ನನ್ನ ಲೆಕ್ಕದಲ್ಲಿ ಇಪ್ಪತ್ತಮೂರನೆಯ ದಿನ

ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿರುವ ನನ್ನ ಮಗಳೇ,

ಹೇಗಿದ್ದೀಯ ಎಂದು ಕೇಳುವುದಿಲ್ಲ. ಕೇಳಿದರೆ, ಚೆನ್ನಾಗೇ ಇದ್ದೀನಿ, ನಿನಗ್ಯಾಕೆ ಅಂತ ಕಾಗದವನ್ನೇ ಗುರಾಯಿಸುತ್ತೀಯ. ನೀನು ನನ್ನ ಫೋನ್ ಎತ್ತುತ್ತಿಲ್ಲ, ಅದಕ್ಕೇ ಪತ್ರ. ಹರಿದು ಹಾಕಬಹುದು, ಆದರೆ ನಿನಗೆ ಕುತೂಹಲ ಜಾಸ್ತಿ. ಹರಿದ ಮೇಲೂ ಜೋಡಿಸಿಕೊಂಡು ಓದುವವಳು ನೀನು.

ಮೊದಲು ವಿಷಯ ಹೇಳಿಬಿಡುತ್ತೇನೆ. ನಾನು ಕುಡಿಯುವುದನ್ನು ಬಿಟ್ಟು ಇವತ್ತಿಗೆ ಇಪ್ಪತ್ತಮೂರು ದಿನ. ಇನ್ನೊಮ್ಮೆ ಬರೆಯುತ್ತೇನೆ, ಬರೆಯುವುದಕ್ಕೇ ಖುಷಿಯಾಗುತ್ತಿದೆ. ಇಪ್ಪತ್ತಮೂರು ದಿನ, ಒಂದು ತೊಟ್ಟೂ ಇಲ್ಲ. ನಿನ್ನ ಅಮ್ಮ ಕುಡಿಯುತ್ತಿದ್ದಳು ಎಂದು ನಾನು ಬರೆಯುತ್ತಿರುವುದೂ ಇದೇ ಮೊದಲು. ಇಷ್ಟು ವರ್ಷ ಅದು ಸ್ಪಿರಿಟ್ ವಾಸನೆಯಾಗಿತ್ತು. ಇಡೀ ದಿನ ಜನರ ಕೈಗೆ ಸ್ಪಿರಿಟ್ ಒರೆಸಿ ರಕ್ತ ತೆಗೆಯುವವಳ ಕೋಟು ಇನ್ನೇನು ಮಲ್ಲಿಗೆ ವಾಸನೆ ಬರುತ್ತಾ ಅಂತ ನಿನ್ನ ಬಾಯಿ ಮುಚ್ಚಿಸುತ್ತಿದ್ದೆ. ಹತ್ತನೇ ತರಗತಿಯವರೆಗೂ ನೀನು ನಂಬಿದೆ. ಆಮೇಲೆ ನಂಬಿದ ಹಾಗೆ ಇದ್ದೆ.

ಮಗುವಿಗೆ ಹತ್ತು ದಿನವಾದಾಗ ನಿಮ್ಮ ಮನೆಗೆ ಬಂದೆನಲ್ಲ, ಆ ದಿನ ನೀನು ನನ್ನ ಹತ್ತಿರ ಬಂದು, ಒಮ್ಮೆ ಉಸಿರೆಳೆದುಕೊಂಡು, ಮಗು ಮಲಗಿದೆ ಅಂದೆ. ಮಗು ಮಲಗಿರಲಿಲ್ಲ ಕಣೇ. ನಿನ್ನ ಭುಜದ ಮೇಲಿಂದ ಎರಡೂ ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿತ್ತು. ನಾನು ಕೈ ಚಾಚಿದೆ. ನೀನು ಒಂದು ಹೆಜ್ಜೆ ಹಿಂದಕ್ಕೆ ಹೋದೆ. ನಿನ್ನ ಕೈಗೆ ಕೊಡಲ್ಲಮ್ಮ ಅಂದೆ. ಜೋರಾಗಿಯೂ ಅನ್ನಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಎಷ್ಟು ಕೂಸುಗಳ ಕೈ ಹಿಡಿದಿದ್ದೀನಿ, ನನಗೇ ಹೇಳ್ತೀಯಾ ಅಂತ ಕೂಗಾಡಿ, ತಂದ ಚೀಲವನ್ನೂ ಬಿಟ್ಟು ಮುಂದಿನ ಬಸ್ಸಿಗೇ ಹೊರಟುಬಂದೆ.

ಮಾರನೆಯ ದಿನವೇ ಬಿಟ್ಟೆ ಎಂದು ಬರೆದರೆ ಚೆಂದ ಕಾಣುತ್ತದೆ. ಆದರೆ ಅದು ಸುಳ್ಳು. ಆರು ದಿನ ನಿನ್ನ ಮೇಲಿನ ಕೋಪಕ್ಕೇ ಕುಡಿದೆ. ಏಳನೆಯ ಬೆಳಿಗ್ಗೆ ಹಲ್ಲುಜ್ಜುವಾಗ ಬ್ರಷ್ಷಿಗೆ ಪೇಸ್ಟ್ ಹಾಕಲು ಆಗಲಿಲ್ಲ. ಪೇಸ್ಟ್ ಸಿಂಕಿಗೆ ಬಿತ್ತು. ಇನ್ನೊಮ್ಮೆ ಹಾಕಿದೆ, ಕಾಲಿನ ಮೇಲೆ ಬಿತ್ತು. ಈ ಕೈಗೆ ನಾನಾದರೂ ಮಗು ಕೊಡುತ್ತಿದ್ದೆನಾ ಎಂದು ನನ್ನನ್ನೇ ಕೇಳಿಕೊಂಡೆ. ಬಾಯಿ ತೊಳೆದುಕೊಂಡು ಸೀದಾ ಆಸ್ಪತ್ರೆಗೆ ಹೋದೆ, ಕೆಲಸಕ್ಕಲ್ಲ.

ಡಾಕ್ಟರಮ್ಮ ಮಾತ್ರೆ ಕೊಟ್ಟು ಕಳಿಸುತ್ತಾರೆ ಅಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು, ಇಷ್ಟು ವರ್ಷ ಕುಡಿದವರು ಮನೇಲಿ ಒಬ್ಬರೇ ಕೂತ್ಕೊಂಡು ಬಿಡ್ತೀನಿ ಅಂತ ಸಾಹಸ ಮಾಡಬಾರದು, ಫಿಟ್ಸ್ ಬರಬಹುದು, ನಾಲ್ಕು ದಿನ ಇಲ್ಲೇ ಇರಿ ಅಂದರು. ನಮ್ಮದೇ ಆಸ್ಪತ್ರೆಯಲ್ಲಿ! ನಾನು ಸೂಜಿ ಹಿಡಿದು ಓಡಾಡಿದ ವಾರ್ಡಿನಲ್ಲಿ! ಊರಿಗೆಲ್ಲ ಗೊತ್ತಾಗುತ್ತದಲ್ಲ ಅಂದೆ. ಗೊತ್ತಿರೋದೇ ಇನ್ನೊಂದ್ಸಲ ಗೊತ್ತಾಗುತ್ತೆ ಬಿಡಿ ಅಂದರು. ಎಂಥ ಹೆಂಗಸು ನೋಡು. ಹೋಗಿ ಕೌಂಟರಿನಲ್ಲಿ ನನ್ನ ಹೆಸರು, ವಯಸ್ಸು, ಯಾಕೆ ಬಂದಿದ್ದೇನೆ ಎಲ್ಲವನ್ನೂ ಗಟ್ಟಿಯಾಗಿ ಹೇಳಿ ಬರೆಸಿದೆ. ಹಿಂದೆ ನಿಂತವರಿಗೂ ಕೇಳಿಸಲಿ ಎಂದೇ ಹೇಳಿದೆ.

ಆ ನಾಲ್ಕು ದಿನದ ಬಗ್ಗೆ ಹೆಚ್ಚು ಬರೆಯುವುದಿಲ್ಲ, ನೀನು ಮಗುವಿಗೆ ಹಾಲುಣಿಸುವ ಹೊತ್ತು. ಬೆವರಿಗೆ ದಿನಕ್ಕೆ ಮೂರು ಸಲ ಹಾಸಿಗೆ ಬಟ್ಟೆ ಬದಲಾಯಿಸಿದರು. ಕುಡಿದ ನೀರೂ ನಿಲ್ಲಲಿಲ್ಲ. ಎರಡನೆಯ ದಿನ ಗೋಡೆಯ ಮೇಲೆ ಇರುವೆ ಸಾಲು ಕಂಡು, ಒರೆಸ್ರೋ ಯಾರಾದರೂ ಅಂತ ಕೂಗಿದೆನಂತೆ. ಇರುವೆ ಇರಲೇ ಇಲ್ಲವಂತೆ. ಇದರ ಮಧ್ಯೆ ನನ್ನ ರಕ್ತ ತೆಗೆಯಲು ಬಂದವಳು ಯಾರು ಹೇಳು? ನಾನೇ ಕಲಿಸಿದ ಹುಡುಗಿ, ಬೆಕ್ಕಿನಮರಿ. ಬಂದದ್ದೂ ತಿಳಿಯದ ಹಾಗೆ ಬಂದು ಪಕ್ಕದಲ್ಲಿ ನಿಲ್ಲುತ್ತಾಳೆಂದು ಲ್ಯಾಬಿನಲ್ಲಿ ಅವಳಿಗೆ ಆ ಹೆಸರು. ಮೂರು ಸಲ ಚುಚ್ಚಿದಳು, ಮೂರು ಸಲವೂ ಸಿಗಲಿಲ್ಲ. ಅವಳ ಕಣ್ಣಲ್ಲಿ ನೀರು. ನಾನು ಗಡಗಡ ನಡುಗುತ್ತಲೇ, ಅಲ್ಲಲ್ಲ ಕಣೇ, ಮೊಣಕೈ ಮಡಿಕೆಯಿಂದ ಎರಡು ಬೆರಳು ಹೊರಗೆ, ಕಣ್ಣಲ್ಲಿ ಹುಡುಕಬೇಡ, ಬೆರಳಲ್ಲಿ ಹುಡುಕು ಅಂದೆ. ನಾಲ್ಕನೆಯದಕ್ಕೆ ಸಿಕ್ಕಿತು. ಆ ಸ್ಥಿತಿಯಲ್ಲೂ ಪಾಠ ಮಾಡಿದೆ ನೋಡು, ನಿನ್ನ ಅಮ್ಮ!

ನಾಲ್ಕು ಚುಚ್ಚು ಅಂದಾಗ ನಿನಗೆ ಏನು ನೆನಪಾಯಿತೋ ನನಗೆ ಗೊತ್ತು. ಏಳನೆಯ ತಿಂಗಳಲ್ಲಿ ನೀನು ರಕ್ತಪರೀಕ್ಷೆಗೆ ಬಂದಾಗ, ಬೇರೆ ಯಾರೂ ಮುಟ್ಟಬೇಡಿ, ನನ್ನ ಮಗಳು ನನ್ನ ಕೈಗೇ ಅಂತ ಜಂಬ ಕೊಚ್ಚಿಕೊಂಡು ನಾನೇ ಚುಚ್ಚಿದೆ. ನಾಲ್ಕು ಸಲ. ನಿನ್ನ ಎಡಗೈ ಮೊಣಕೈಯಿಂದ ಕೆಳಗೆ ನೇರಳೆಯಾಯಿತು. ಗಂಡನಿಗೆ, ಬಾಗಿಲಿಗೆ ತಾಗಿತು ಅಂತ ಹೇಳಿದೆಯಂತೆ. ನನ್ನ ಮಾನ ಉಳಿಸಿದೆ. ಆ ದಿನ ನಿನ್ನ ನರ ಜಾರುತ್ತಿತ್ತು, ಬಸುರಿನಲ್ಲಿ ಹಾಗಾಗುವುದುಂಟು. ಅದೇನೇ ಇರಲಿ.

ನಿನಗೆ ಹೇಳದೆ ಮುಚ್ಚಿಟ್ಟದ್ದು ಇನ್ನೊಂದಿದೆ. ಅದಾದ ಮಾರನೆಯ ವಾರವೇ ನಮ್ಮ ಲ್ಯಾಬಿನ ಮುಖ್ಯಸ್ಥರು ನನ್ನನ್ನು ಸೂಜಿಯಿಂದ ಎಬ್ಬಿಸಿ ಟ್ಯೂಬುಗಳಿಗೆ ಚೀಟಿ ಅಂಟಿಸುವ ಮೇಜಿಗೆ ಹಾಕಿದ್ದರು. ಗಡಿಯಾರ ಅಂತ ನಾವು ಕರೆಯುವುದಿಲ್ಲವೇ, ಅವರೇ. ಒಂದೇ ಚುಚ್ಚಿಗೆ ನರ ಹಿಡಿಯುತ್ತಾಳೆಂದು ಸೊಳ್ಳೆ ಅನ್ನಿಸಿಕೊಂಡವಳು ನಾನು. ಬೇರೆ ವಾರ್ಡಿನವರು ಕಷ್ಟದ ಕೈ ಬಂದರೆ, ಸೊಳ್ಳೇನ ಕರೀರಿ ಅನ್ನುತ್ತಿದ್ದರು. ಅಂಥವಳು ಮೂರು ತಿಂಗಳು ಗೋಂದು ಹಚ್ಚಿಕೊಂಡು ಕೂತೆ. ನಿನಗೆ ಮಾತ್ರ, ಕೆಲಸ ಸಿಕ್ಕಾಪಟ್ಟೆ ಅಂತ ಹೇಳುತ್ತಿದ್ದೆ.

ಐದನೆಯ ದಿನ ಮನೆಗೆ ಬಂದೆ. ಅಡುಗೆಮನೆಯ ಮೇಜಿನ ಮೇಲೆ ಬಟ್ಟೆ ಒಗೆಯುವ ಪುಡಿಯ ದೊಡ್ಡ ಡಬ್ಬ ತೊಳೆದು ಬೋರಲು ಹಾಕಿತ್ತು. ಬಾಟಲಿ ಇಡುತ್ತಿದ್ದದ್ದು ಅದರಲ್ಲೇ. ನಿಮ್ಮಪ್ಪ ಹುಟ್ಟಿದಾಗಿನಿಂದ ಮುಟ್ಟದ ವಸ್ತು ಅದೊಂದೇ ಎಂದು ನನ್ನ ಧೈರ್ಯ. ಯಾವಾಗಿನಿಂದ ಗೊತ್ತು ಅಂತ ಕೇಳಿದೆ. ನಾಲ್ಕು ವರ್ಷದಿಂದ ಆ ಡಬ್ಬದ ಪುಡಿ ಮುಗೀತಾನೇ ಇರಲಿಲ್ಲವಲ್ಲ ಅಂದರು. ಅಷ್ಟೇ. ಬಸ್ಸು ಓಡಿಸಿ ನಿವೃತ್ತರಾಗಿ ಐದು ವರ್ಷವಾಯಿತು, ಚಾಲಕರೊಂದಿಗೆ ಮಾತನಾಡಬೇಡಿ ಅನ್ನುವ ಆ ಬೋರ್ಡನ್ನು ಕೊರಳಿಗೆ ಕಟ್ಟಿಕೊಂಡೇ ಮನೆಗೆ ಬಂದರು ಮಾರಾಯ್ತಿ. ಈಗ ನನ್ನ ಜೊತೆ ಸಂಜೆ ನಡೆಯಲು ಬರುತ್ತಾರೆ. ಹೆಂಡದಂಗಡಿಯ ಬೀದಿ ತಪ್ಪಿಸಲು ನಾಲ್ಕು ಬೀದಿ ಸುತ್ತು ಹಾಕುತ್ತೇವೆ. ನೇರವಾಗಿ ಹೇಳಿದರೆ ನನಗೆ ಬೇಜಾರಾಗುತ್ತದೆಂದು, ಈ ಕಡೆ ಬೀದೀಲಿ ಗುಂಡುಸೂಜಿ ತಗೋಬೇಕಿತ್ತು ಅನ್ನುತ್ತಾರೆ. ಮನೆಯಲ್ಲಿ ಈಗ ಹನ್ನೊಂದು ಡಬ್ಬಿ ಗುಂಡುಸೂಜಿ ಇದೆ.

ಎಲ್ಲಕ್ಕಿಂತ ಕಷ್ಟ ಯಾವುದು ಗೊತ್ತಾ? ಕೆಲಸದ ಜಾಗದ ಸ್ಪಿರಿಟ್ ವಾಸನೆಯೇ. ಯಾರೋ ಆಚೆ ಮೇಜಿನಲ್ಲಿ ಹತ್ತಿ ಅದ್ದಿದರೆ ಸಾಕು, ಬಾಯಲ್ಲಿ ನೀರೂರುತ್ತಿತ್ತು. ಇಷ್ಟು ವರ್ಷ ನನ್ನ ಸುಳ್ಳನ್ನು ಮುಚ್ಚಿದ ವಾಸನೆ ಈಗ ಸೇಡು ತೀರಿಸಿಕೊಳ್ಳುತ್ತಿದೆ ಅನ್ನಿಸಿತು. ಮೂಗಿನ ಕೆಳಗೆ ನೀಲಗಿರಿ ಎಣ್ಣೆ ಸವರಿಕೊಂಡು ಕೂತೆ. ನೆಗಡಿನಾ ಅಂತ ಎಲ್ಲರೂ ಕೇಳಿದರು. ಅಲ್ಲ, ಕುಡಿತ ಬಿಟ್ಟಿದ್ದೀನಿ ಅಂದೆ. ಎರಡನೆಯ ಸಲ ಯಾರೂ ಕೇಳಲಿಲ್ಲ.

ಹನ್ನೆರಡನೆಯ ದಿನ ಗಡಿಯಾರದ ಮುಂದೆ ಹೋಗಿ ನನ್ನ ಸೂಜಿ ನನಗೆ ಕೊಡಿ ಅಂದೆ. ನಮ್ಮಲ್ಲೊಂದು ನಿಯಮವಿದೆ. ತಿಂಗಳಿಗಿಂತ ಹೆಚ್ಚು ಸೂಜಿ ಬಿಟ್ಟವರು ರೋಗಿಗಳನ್ನು ಮುಟ್ಟುವ ಮೊದಲು ಲ್ಯಾಬಿನವರದೇ ಒಂದು ಕೈಯಿಂದ, ಎಲ್ಲರೆದುರು, ಒಂದೇ ಚುಚ್ಚಿಗೆ ರಕ್ತ ತೆಗೆಯಬೇಕು. ಕೈ ಕೊಡು ಅಂತ ಯಾರಿಗೂ ಅಪ್ಪಣೆ ಮಾಡುವ ಹಾಗಿಲ್ಲ, ಅವರಾಗಿಯೇ ತೋಳು ಮಡಿಸಿಕೊಂಡು ಬರಬೇಕು. ಹಟ ಹಿಡಿದು ಈ ನಿಯಮ ಮಾಡಿಸಿದವಳು ನಾನೇ, ಹತ್ತು ವರ್ಷದ ಹಿಂದೆ. ಯಾರು ಬರ್ತೀರಿ ಅಂತ ಗಡಿಯಾರ ಕೇಳಿದರೆ ಎಲ್ಲರೂ ತಮ್ಮ ತಮ್ಮ ಟ್ಯೂಬುಗಳೊಳಗೆ ಇಣುಕಿ ನೋಡತೊಡಗಿದರು. ಕೊನೆಗೆ ಬೆಕ್ಕಿನಮರಿ ಬಂದು ಕೂತಳು. ನಿಮಗೆ ನಾನು ಮೂರು ಸಲ ತಪ್ಪಾಗಿ ಚುಚ್ಚಿದ್ದೀನಿ, ನೀವು ಎರಡು ಸಲ ತಪ್ಪಿದರೂ ನಾನೇ ಸಾಲಗಾರ್ತಿ ಅಂದಳು. ತೋಳಿಗೆ ರಬ್ಬರ್ ಪಟ್ಟಿ ಕಟ್ಟಿದೆ. ಸ್ಪಿರಿಟ್ ಒರೆಸಿದೆ. ನರ ಎದ್ದು ಕಾಣುತ್ತಿತ್ತು, ಕಲಿಯುವವರೂ ಹಿಡಿಯುವಂಥದ್ದು. ಸೂಜಿ ಎತ್ತಿದೆ. ತುದಿ ಸಣ್ಣಗೆ ನಡುಗುತ್ತಿತ್ತು. ಬೇರೆ ಯಾರಿಗೂ ಕಂಡಿರಲಿಕ್ಕಿಲ್ಲ.

ನಾನು ಸೂಜಿ ಕೆಳಗಿಟ್ಟೆ. ಇವತ್ತು ಆಗಲ್ಲ, ನನ್ನ ಕೈ ಇನ್ನೂ ತಯಾರಿಲ್ಲ ಅಂದೆ. ಪಟ್ಟಿ ಬಿಚ್ಚಿ, ಹೋಗಿ ಚೀಟಿ ಅಂಟಿಸುತ್ತಾ ಕೂತೆ. ಇಪ್ಪತ್ತಾರು ವರ್ಷದಲ್ಲಿ ಚುಚ್ಚದೆ ಸೂಜಿ ಕೆಳಗಿಟ್ಟದ್ದು ಅದೊಂದೇ ಸಲ. ಅವಮಾನವಾಗಬೇಕಿತ್ತು. ಆಗಲಿಲ್ಲ, ಹೆಮ್ಮೆಯಾಯಿತು. ಮನೆಗೆ ಬಂದು ನಿಮ್ಮಪ್ಪನಿಗೆ ಹೇಳಿಕೊಂಡು ಅತ್ತೆ. ಅವರು ಗುಂಡುಸೂಜಿ ತರಲು ಹೋದರು.

ನಿನ್ನೆ, ಇಪ್ಪತ್ತೆರಡನೆಯ ದಿನ, ಮತ್ತೆ ಕೇಳಿದೆ. ಈ ಸಲ ಯಾರೂ ಕರೆಯುವ ಮೊದಲೇ ನಮ್ಮ ಲ್ಯಾಬಿನ ಕಸಗುಡಿಸುವ ದೊಡ್ಡಮ್ಮ ಪೊರಕೆ ಗೋಡೆಗೆ ಒರಗಿಸಿ ಬಂದು ಕೂತಳು. ಅವಳ ಕೈ ನೀನು ನೋಡಿಲ್ಲ. ಕಡ್ಡಿ. ನರ ಕೂದಲಿನಷ್ಟು, ಮುಟ್ಟಿದರೆ ಪಕ್ಕಕ್ಕೆ ಸರಿಯುತ್ತದೆ. ಅವಳ ಕೈ ಬೇಡ ಅಂತ ಗಡಿಯಾರವೇ ಅಂದರು. ಬೇರೆಯವರ ಕೈ ಇವಳಿಗೆ ಏನು ಪರೀಕ್ಷೆ, ನಂದೇ ತಗೊಳ್ಳಲಿ ಅಂದಳು ದೊಡ್ಡಮ್ಮ. ನಾನು ಕಣ್ಣು ಮುಚ್ಚಿ ಬೆರಳಲ್ಲಿ ಹುಡುಕಿದೆ. ಸಿಕ್ಕಿತು. ಸೂಜಿ ಎತ್ತಿದೆ. ತುದಿ ನೋಡಿದೆ. ನಿಂತಿತ್ತು ಕಣೇ! ಅಲುಗಾಡದೆ ನಿಂತಿತ್ತು. ಒಂದೇ ಚುಚ್ಚಿಗೆ ಟ್ಯೂಬಿನಲ್ಲಿ ಕೆಂಪಗೆ ಏರಿತು. ಅಯ್ಯೋ, ಸೊಳ್ಳೆ ಕಚ್ಚಿದಷ್ಟೂ ಆಗಲಿಲ್ಲವಲ್ಲೇ ಅಂದಳು ದೊಡ್ಡಮ್ಮ. ಬೆಕ್ಕಿನಮರಿ ಚಪ್ಪಾಳೆ ಹೊಡೆದುಬಿಟ್ಟಳು. ಗಡಿಯಾರ ಮಾತ್ರ ಗಡಿಯಾರವನ್ನೇ ನೋಡಿಕೊಂಡು, ಸೋಮವಾರ ಏಳಕ್ಕೆ ರಕ್ತ ತೆಗೆಯುವ ಕೌಂಟರಿಗೆ ಬನ್ನಿ, ತಡ ಮಾಡಬೇಡಿ ಅಂದರು.

ನಾಳೆ ಸೋಮವಾರ.

ಡಾಕ್ಟರಮ್ಮ ಹೇಳುತ್ತಾರೆ, ಇಪ್ಪತ್ತಮೂರು ಇನ್ನೂ ಆರಂಭ, ಬೀಗಬೇಡಿ ಅಂತ. ಬೀಗುತ್ತೇನೆ. ನನ್ನ ಇಪ್ಪತ್ತಮೂರು ದಿನ, ನಾನು ಬೀಗದೆ ಇನ್ಯಾರು ಬೀಗಬೇಕು? ಆದರೆ ಪ್ರತಿ ಗುರುವಾರ ಅವರ ಮುಂದೆ ಹೋಗಿ ಕೂರುತ್ತೇನೆ, ಮಾತ್ರೆಯನ್ನೂ ತಪ್ಪಿಸುವುದಿಲ್ಲ.

ಮಗುವನ್ನು ಕೈಗೆ ಕೊಡು ಎಂದು ಕೇಳಲು ಇದನ್ನು ಬರೆದಿಲ್ಲ. ನೀನು ಕೊಡಲಿಲ್ಲ, ಸರಿಯಾಗಿಯೇ ಮಾಡಿದೆ. ತಾಯಿ ಹಾಗೇ ಇರಬೇಕು. ಮುಂದಿನ ಭಾನುವಾರ ಬರಲಾ? ಕೈ ಮಡಿಲಲ್ಲಿ ಇಟ್ಟುಕೊಂಡು ದೂರದ ಕುರ್ಚಿಯಲ್ಲಿ ಕೂರುತ್ತೇನೆ. ಹತ್ತಿರ ಬಂದು ಒಮ್ಮೆ ಉಸಿರೆಳೆದು ನೋಡು. ಕೊಡುವುದು ಬಿಡುವುದು ಆಮೇಲಿನ ಮಾತು.

ನಿನ್ನ ಅಮ್ಮ,
ಸೊಳ್ಳೆ

ಮರೆತದ್ದು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಬಿಟ್ಟದ್ದು. ಹೆರಿಗೆಯ ದಿನ ನರ್ಸ್ ಬಂದಾಗ, ನನ್ನ ನರ ಸರಿಯಿಲ್ಲ ಸಿಸ್ಟರ್, ಸಿಗಲ್ಲ ಅಂತ ನೀನಾಗಿಯೇ ಹೇಳಿ, ಸೂಜಿ ತಾಗುವ ಮೊದಲೇ ಅತ್ತೆಯಂತೆ. ಅಳಿಯಂದಿರು ಹೇಳಿದರು. ಆ ಮಾತು ನಿನಗೆ ಕಲಿಸಿದವಳು ನಾನು. ಏಳನೆಯ ತಿಂಗಳಲ್ಲಿ ಎಲ್ಲರೆದುರು ಹಾಗೆಂದೆ, ಈ ಪತ್ರದಲ್ಲೂ ಮೇಲೆ ಜಾರುತ್ತಿತ್ತು ಎಂದು ಬರೆದಿದ್ದೇನೆ. ಅದನ್ನು ಹೊಡೆದು ಹಾಕುವುದಿಲ್ಲ, ನನ್ನ ಸುಳ್ಳು ಹೇಗಿರುತ್ತದೆಂದು ನಿನಗೆ ಕಾಣಲಿ. ನಿನ್ನ ನರ ಜಾರಲಿಲ್ಲ. ಆ ಬೆಳಿಗ್ಗೆ ಕೆಲಸಕ್ಕೆ ಬರುವ ಮುಂಚೆ ನಾನು ಕುಡಿದಿದ್ದೆ. ನಾಲ್ಕು ವರ್ಷದ ಮಗುವಾಗಿದ್ದಾಗ ನಿನಗೆ ಜ್ವರ ಬಂದು ಮೊದಲ ಸಲ ಚುಚ್ಚಿದಾಗಿನಿಂದ ಆ ನರ ನನಗೆ ಗೊತ್ತು. ಎಡಗೈ, ಮಡಿಕೆಯ ಸರಿಮಧ್ಯೆ, ನೇರ. ಇನ್ನು ಮುಂದೆ ಯಾರಾದರೂ ಸೂಜಿ ಹಿಡಿದು ಬಂದರೆ ಅಳಬೇಡ ಕಂದಾ. ಒಳ್ಳೆಯ ನರ, ನಮ್ಮಮ್ಮ ಹೇಳಿದ್ದಾಳೆ ಅನ್ನು.