ಇಪ್ಪತ್ತೊಂದು ದಿನದ ಏರಿಕೆ

ಮಾರ್ಚ್ 2, ಬೆಳಿಗ್ಗೆ 5.30

ಸಗಣಿ ಜರಡಿಗೆ ಹಾಕಿ ನಲ್ಲಿ ಕೆಳಗೆ ಹಿಡಿದೆ. ಹನ್ನೊಂದು ಹಸುಗಳದ್ದೂ ಸರಿಯಿದೆ. ಮೊಂಡಿಯದರಲ್ಲಿ ಮಾತ್ರ ಇಡೀ ಕಾಳು ನಾಲ್ಕೈದು. ಅಗಿಯದೆ ನುಂಗುವ ಚಾಳಿ, ಕರುವಾಗಿದ್ದಾಗಿನಿಂದ. ತಾಯಿ ಸತ್ತ ಮೇಲೆ ಬಾಟಲಿ ಹಿಡಿದು ಸಾಕಿದವಳು ನಾನು. ಮುದ್ದು ಮಾಡಿ ಕೆಡಿಸಿದ್ದೀಯ ಎಂದು ಅಮ್ಮ ಈಗಲೂ ಆಡಿಕೊಳ್ಳುತ್ತಾಳೆ.

ಬಿಯರ್ ಕಾರ್ಖಾನೆಯ ಚರಟ ಒಂದು ಲೋಡ್ ಬಂತು. ಇನ್ನೂ ಹಬೆಯಾಡುತ್ತಿದೆ. ಮಧ್ಯಾಹ್ನ ಜ್ಯೂಸ್ ಫ್ಯಾಕ್ಟರಿಯ ಕಿತ್ತಳೆ ಸಿಪ್ಪೆ. ಜನ ತಿಂದು, ಕುಡಿದು ಬಿಸಾಡಿದ್ದನ್ನೆಲ್ಲ ಹಾಲು ಮಾಡುವುದು ಇಲ್ಲಿಯ ಕೆಲಸ. ಮಾಡುವವರು ನಾವ್ಯಾರೂ ಅಲ್ಲ. ಹಸುವಿನ ದೊಡ್ಡ ಹೊಟ್ಟೆಯಲ್ಲಿ ಕೋಟಿಗಟ್ಟಲೆ ಸೂಕ್ಷ್ಮಾಣುಗಳಿವೆ, ಅವು. ‘ಒಳಗಿನವರು’ ಅನ್ನುತ್ತೇನೆ ನಾನು. ಮೇವು ಹಾಕುವುದೆಂದರೆ ಒಳಗಿನವರಿಗೆ ಬಡಿಸುವುದು. ಹೊಸ ಅಡುಗೆ ಅವರಿಗೆ ಒಗ್ಗಬೇಕಾದರೆ ಮೂರು ವಾರ ಬೇಕು.

ಭಾವ ನಾಳೆ ಸೆಮಿನಾರಿಗೆ. ಒಂದೆರಡು ಅಂಕಿ ನೋಡಬೇಕು ಎಂದು ನನ್ನ ನೀಲಿ ನೋಟ್‌ಬುಕ್ ಕೇಳಿದರು. ಕೊಟ್ಟೆ.

ಮಾರ್ಚ್ 5

ಅಕ್ಕ ಫೋನಿನಲ್ಲಿ ವಿಡಿಯೋ ತೋರಿಸಿದಳು. ಗಂಡ ವೇದಿಕೆ ಮೇಲೆ ಇದ್ದಾನೆಂದು ಹೆಮ್ಮೆ ಅವಳಿಗೆ. ಪರದೆಯ ಮೇಲೆ ನನ್ನ ಕೋಷ್ಟಕಗಳು. ನನ್ನ ಕೈಬರಹ ಬಿಟ್ಟು ಉಳಿದದ್ದೆಲ್ಲ ನನ್ನದು—ಬರಹ ಮಾತ್ರ ಟೈಪ್ ಮಾಡಿಸಿದ್ದಾರೆ. “ನನ್ನ ಐದು ವರ್ಷದ ಪ್ರಯೋಗ” ಎಂದರು ಭಾವ. ಕೊನೆಗೆ, ಮನೆಯ ಹೆಣ್ಣುಮಕ್ಕಳೂ ಕೈಜೋಡಿಸಿದ್ದಾರೆ ಎಂದರು. ಚಪ್ಪಾಳೆ.

ಐದು ವರ್ಷ ಸಗಣಿಯಲ್ಲಿ ಕೈಯಾಡಿಸಿದವಳು ನಾನು. ಭಾವ ಮೂಗು ಮುಚ್ಚಿಕೊಂಡು ಕೊಟ್ಟಿಗೆ ದಾಟುವವರು.

ಯಾರ ಹೆಸರಾದರೇನು, ಫಾರ್ಮ್ ಒಂದೇ ತಾನೇ ಎಂದಳು ಅಕ್ಕ. ಊಟ ಮಾಡಲಿಲ್ಲ.

ಮಾರ್ಚ್ 6

ಕೇಳಿದೆ. ಭಾವನನ್ನೇ ನೇರವಾಗಿ ಕೇಳಿದೆ. ನಕ್ಕರು.

“ನಿನ್ನ ಹೆಸರು ಹಾಕಿದ್ರೆ ಯಾರು ಕೇಳ್ತಾರೆ ಹೇಳು? ಡಿಗ್ರಿ ಇದ್ಯಾ ನಿಂಗೆ?”

ಇನ್ನು ಮೇಲೆ ಮೇವಿನ ಕಡೆ ಅವರೇ ನೋಡಿಕೊಳ್ಳುತ್ತಾರಂತೆ. ನನಗೆ ಹಾಲಿನ ಕ್ಯಾನ್ ತೊಳೆಯುವ ಕೆಲಸ. ನೋಟ್‌ಬುಕ್ ವಾಪಸ್ ಬರಲಿಲ್ಲ.

ಎದುರಿಗೆ ‘ಭಾವ, ನೀವು’. ಇಲ್ಲಿ ಇನ್ನು ಮೇಲೆ ‘ಅವನು’. ಇದು ನನ್ನ ಪುಸ್ತಕ.

ತೀರಿಸಿಕೊಳ್ಳದೆ ಬಿಡುವುದಿಲ್ಲ.

ಮಾರ್ಚ್ 14, ಮಧ್ಯಾಹ್ನ

ದಾರಿ ತಾನಾಗಿಯೇ ತೆರೆಯಿತು. 28ಕ್ಕೆ ಅರವತ್ತು ಜನ ಹೈನುಗಾರರು ಫಾರ್ಮ್ ನೋಡಲು ಬರುತ್ತಾರೆ. ಅವರೆದುರು ಹೊಸದೇನಾದರೂ ಬೇಕಲ್ಲ ಸಾಹೇಬರಿಗೆ—ಬೇಕರಿಯ ಹಳೇ ಬ್ರೆಡ್, ಬಿಸ್ಕತ್ತಿನ ಪುಡಿ. ನನ್ನ ನೋಟ್‌ಬುಕ್ಕಿನ ಅರವತ್ತೊಂದನೇ ಪುಟ. ಹಸುವಿಗೆ ದಿನಕ್ಕೆ ಐದು ಕೆಜಿ, ಹಾಲು ಇಷ್ಟು ಹೆಚ್ಚು. ಅಷ್ಟೇ ಬರೆದಿದ್ದೆ. ಐದಕ್ಕೆ ಹೇಗೆ ಮುಟ್ಟಬೇಕು ಎಂಬುದು ಅಲ್ಲಿಲ್ಲ. ಅದು ಈ ದಿನಚರಿಯಲ್ಲಿ ಇದೆ, ಹೋದ ವರ್ಷದ ಪುಟಗಳಲ್ಲಿ. ಮೊದಲ ದಿನ ಎರಡು ಹಿಡಿ. ನಾಲ್ಕು ದಿನಕ್ಕೊಮ್ಮೆ ಒಂದು ಮಗ್ ಹೆಚ್ಚು. ಬೆಳಿಗ್ಗೆ ಸಗಣಿ ನೋಡಿಯೇ ಮುಂದಿನ ಮಗ್. ಇಪ್ಪತ್ತೊಂದು ದಿನ.

ಲೆಕ್ಕದ ಉತ್ತರ ಕದ್ದ. ಲೆಕ್ಕ ಮಾಡಿದ ರೀತಿ ನನ್ನ ಟ್ರಂಕಿನಲ್ಲಿದೆ.

ಇನ್ನು ಹದಿನಾಲ್ಕೇ ದಿನ ಉಳಿದಿದೆ. ಅವನು ಇನ್ನೂ ಶುರುವೇ ಮಾಡಿಲ್ಲ. ಹೇಳುವುದಿಲ್ಲ. ಬಾಯಿಗೆ ಬೀಗ.

ಮಾರ್ಚ್ 17

ಕಿಟಕಿಯನ್ನು ಹೊಡೆದುಕೊಂಡು ಬಂದು ಅಮ್ಮನ ಕೋಣೆಯ ಹಿಂದೆ ಕಟ್ಟಿದೆ.

ಕಿಟಕಿ ನಮ್ಮ ಮುದಿ ಹಸು. ಡಾಕ್ಟರು ಅದರ ಪಕ್ಕೆಯಲ್ಲಿ ತೂತು ಮಾಡಿ ರಬ್ಬರ್ ಮುಚ್ಚಳ ಕೂರಿಸಿ ಆರು ವರ್ಷ. ಮುಚ್ಚಳ ತೆಗೆದರೆ ನೇರ ಹೊಟ್ಟೆಗೇ ಕೈ. ಯಾವುದಾದರೂ ಹಸುವಿನ ಒಳಗಿನವರು ಸತ್ತರೆ, ಇದರ ಹೊಟ್ಟೆಯ ನೀರು ಹಿಂಡಿ, ಬಿಸಿ ಮಾಡಿಟ್ಟ ಫ್ಲಾಸ್ಕಿಗೆ ಕಂಠದವರೆಗೆ ತುಂಬಿ, ಓಡಿ ಹೋಗಿ ಕೊಳವೆಯಲ್ಲಿ ಕುಡಿಸಬೇಕು. ಗಾಳಿ ತಗುಲಬಾರದು, ಆರಬಾರದು. ಹೊಸ ಸಂಸಾರ ಹೂಡಿಕೊಟ್ಟ ಹಾಗೆ.

ಕಿಟಕಿಗೆ ವಯಸ್ಸಾಯಿತು, ನಾನು ನೋಡಿಕೊಳ್ಳುತ್ತೇನೆ ಎಂದು ಕೇಳಿದ್ದೆ. ಅತಿಥಿಗಳ ಎದುರು ತೂತಿನ ಹಸು ಚೆನ್ನಾಗಿ ಕಾಣುವುದಿಲ್ಲ, ತಗೊಂಡು ಹೋಗು ಎಂದ. ಖುಷಿಯಿಂದಲೇ ಕೊಟ್ಟ, ಪುಣ್ಯಾತ್ಮ.

ಇದಕ್ಕೆ ಬರೀ ಒಣಹುಲ್ಲು. ಅತ್ತ ಹಸುಗಳಿಗೆ ಎರಡು ದಿನ ಭೇದಿ ಆಗುತ್ತದೆ, ಹಾಲು ಇಳಿಯುತ್ತದೆ, ಅವನು ಕೈಮುಗಿದು ಬರುತ್ತಾನೆ. ಅರವತ್ತು ಜನರ ಎದುರು ಬಾಯಿ ಬಿಡಿಸುತ್ತೇನೆ. ಆಮೇಲೆ ಫ್ಲಾಸ್ಕ್. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಮಾರ್ಚ್ 25

ಎಂಟು ದಿನ ಬರೆಯಲಿಲ್ಲ. ಕ್ಯಾನು, ಬಿಸಿನೀರು, ಕ್ಯಾನು. ಬೆರಳ ಸಂದಿ ಒಡೆದಿದೆ.

ಬ್ರೆಡ್ ಇವತ್ತು ಬಂತು. ಲಾರಿ ತಡವಾಯಿತಂತೆ. ಇವತ್ತು ಒಂದೂವರೆ ಕೆಜಿ, ನಾಳೆ ಮೂರು, ನಾಡಿದ್ದು ಐದು ಎಂದು ಆಳುಗಳಿಗೆ ಹೇಳುತ್ತಿದ್ದ. ಮೂರು ವಾರದ್ದು ಮೂರು ದಿನಕ್ಕೆ! ಕ್ಯಾನಿನೊಳಗೆ ತಲೆ ತೂರಿಸಿ ನಕ್ಕೆ.

ಅಮ್ಮನಿಗೆ ವಾಸನೆ ಬಡಿದಿದೆ. ಗೊತ್ತಿದ್ದೂ ಸುಮ್ಮನಿದ್ದೀಯಾ ಎಂದಳು. ನನ್ನನ್ನು ಕೇಳಿದರೆ ಹೇಳುತ್ತೇನೆ ಎಂದೆ.

“ಹಸು ಬಂದು ಕೇಳುತ್ತದೇನೇ ನಿನ್ನ?”

ಅಮ್ಮ ಯಾವತ್ತೂ ದೊಡ್ಡ ಮಗಳ ಕಡೆಯೇ.

ಮಾರ್ಚ್ 27, ಸಂಜೆ 5

ಸಗಣಿ ಬೂದು ಬಣ್ಣ. ನೊರೆ. ಹುಳಿ ವಾಸನೆ ತೊಳೆಯುವ ಕೋಣೆಯವರೆಗೂ ಬರುತ್ತಿದೆ. ಒಳಗೆ ಹುಳಿ ಮಾಡುವವರು ಹೆಚ್ಚಿದ್ದಾರೆ, ನಾರು ಕರಗಿಸುವವರು ಸಾಯುತ್ತಿದ್ದಾರೆ. ಕೊಟ್ಟಿಗೆಯಲ್ಲಿ ಮೆಲುಕು ಹಾಕುವ ಸದ್ದೇ ಇಲ್ಲ. ಅವನಿಗೆ ಅದು ಗೊತ್ತಾಗಿಲ್ಲ. ಬ್ಯಾನರ್ ಕಟ್ಟಿಸುತ್ತಿದ್ದಾನೆ.

ಖುಷಿಯಾಗಿದೆ. ಸುಳ್ಳು ಯಾಕೆ ಬರೆಯಲಿ, ಖುಷಿಯಾಗಿದೆ.

ಮೊಂಡಿ ಹಗ್ಗ ಬಿಚ್ಚಿಕೊಂಡು ಪಕ್ಕದವಳ ಪಾಲನ್ನೂ ತಿಂದಿದೆಯಂತೆ. ಹೊಟ್ಟೆಬಾಕಿ. ಅದಕ್ಕೆ ಎರಡು ಫ್ಲಾಸ್ಕ್ ಬೇಕಾಗಬಹುದು.

ಮಾರ್ಚ್ 28, ಬೆಳಿಗ್ಗೆ 6.50

ಅಕ್ಕ ಓಡಿ ಬಂದಳು. ಮೂರು ಹಸು ಮಲಗಿಬಿಟ್ಟಿವೆ. ಡಾಕ್ಟರು ದೂರದಲ್ಲಿದ್ದಾರೆ, ಮಧ್ಯಾಹ್ನವಾಗುತ್ತದೆ. ಬ್ರೆಡ್ ತೆಗೆಯಿರಿ, ಅಡುಗೆ ಸೋಡಾದ ನೀರು ಕುಡಿಸಿ, ಹಿಂದೆಯೇ ಕಿಟಕಿಯ ನೀರು ಕೊಡಿ ಎಂದರಂತೆ ಫೋನಿನಲ್ಲಿ. ಸೋಡಾ ಕೊಟ್ಟಾಗಿದೆ. ಮೊಂಡಿ ಹಲ್ಲು ಕಡಿಯುತ್ತಿದೆ ಎಂದು ಅತ್ತಳು.

ಮೂರು ಫ್ಲಾಸ್ಕ್ ತುಂಬಿದೆ. ಹೊರಟೆ.

9.15, ಕ್ಯಾನ್ ತೊಳೆಯುವ ಕೋಣೆ

ಏಳೂವರೆಗೆ ಕೊಟ್ಟಿಗೆ ಬಾಗಿಲಲ್ಲಿ ನಿಂತು ಅವನಿಗೆ ಹೇಳಿದೆ. ಬಂದವರ ಎದುರು ಹೇಳಬೇಕು. ಪ್ರಯೋಗ ನನ್ನದು, ನೋಟ್‌ಬುಕ್ ನನ್ನದು ಎಂದು. ಹೇಳಿದ ಮೇಲೆ ಫ್ಲಾಸ್ಕ್.

ಬೆವರುತ್ತಿದ್ದ. ತಕರಾರೇ ಮಾಡಲಿಲ್ಲ.

“ಹೇಳ್ತೀನಿ. ಆಣೆ ಮಾಡಿ ಹೇಳ್ತೀನಿ. ಈಗ ಕೊಟ್ಬಿಡು.”

“ಮೊದಲು ಹೇಳಿ. ಆಮೇಲೆ ಕೊಡ್ತೀನಿ.”

“ಜನ ಬರೋದು ಹತ್ತು ಗಂಟೆಗೆ ಕಣೇ.”

ಕಾಯುತ್ತೇನೆ ಎಂದೆ. ಒಮ್ಮೆ ನಂಬಿ ನೋಟ್‌ಬುಕ್ ಕೊಟ್ಟಿದ್ದೆನಲ್ಲ.

ಕೋಣೆಗೆ ಒಳಗಿನಿಂದ ಚಿಲಕ ಹಾಕಿದ್ದೇನೆ. ಫ್ಲಾಸ್ಕುಗಳನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಇಟ್ಟಿದ್ದೇನೆ. ಅಕ್ಕ ಎರಡು ಸಲ ಬಾಗಿಲು ಬಡಿದು ಹೋದಳು. ಸೋಡಾ ಹೋಗಿದೆ, ತಡೆಯುತ್ತವೆ. ಹತ್ತಕ್ಕೆ ಇನ್ನು ಮುಕ್ಕಾಲು ಗಂಟೆ. ತಡೆಯುತ್ತವೆ.

ಸಂಜೆ 6

ಬಸ್ಸು ತಡವಾಗಿ ಬಂತು. ಅವನು ಮೈಕ್ ಹಿಡಿದಾಗ ಹನ್ನೊಂದು. ಮಾತಿಗೆ ತಪ್ಪಲಿಲ್ಲ. ಒಂದೂ ಬಿಡದೆ ಹೇಳಿದ. ಪ್ರಯೋಗ ಇವಳದು, ನಾನು ನನ್ನದೆಂದು ಹೇಳಿಕೊಂಡೆ, ಗೊತ್ತಿಲ್ಲದ ಕೆಲಸಕ್ಕೆ ಕೈಹಾಕಿ ಹಸುಗಳನ್ನು ಕೆಡಿಸಿದೆ. ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. ಐದು ವರ್ಷದಿಂದ ಬಯಸಿದ್ದು. ಇಷ್ಟು ಬೇಗ ಮುಗಿಯುತ್ತದೆ ಎಂದುಕೊಂಡಿರಲಿಲ್ಲ.

ಓಡಿದೆ. ಮೊದಲೆರಡಕ್ಕೆ ಕುಡಿಸಿದೆ. ನಾಲ್ಕು ಗಂಟೆಗೆ ಎದ್ದು ನಿಂತವು, ಒಂದು ಹುಲ್ಲು ಕಚ್ಚಿತು.

ಮೊಂಡಿಗೆ ಕೊಳವೆ ಹಾಕಿದರೆ ನುಂಗಲಿಲ್ಲ. ಕಿವಿ ತಣ್ಣಗಿತ್ತು. ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಡಾಕ್ಟರು ಬಂದಾಗ ಒಂದೂಮುಕ್ಕಾಲು. ಮೊಂಡಿ ಹೋಗಿ ಹತ್ತು ನಿಮಿಷವಾಗಿತ್ತು.

ಕೊಂದವನು ಅವನು. ಅವನ ಆತುರ, ಅವನ ಬ್ರೆಡ್ಡು.

ಏಪ್ರಿಲ್ 9

ಹನ್ನೆರಡು ದಿನ ಈ ಪುಸ್ತಕ ಮುಟ್ಟಲಿಲ್ಲ.

ಹೈನುಗಾರರ ಸಂಘದ ಹಾಲ್. ಬೋರ್ಡಿನ ಮೇಲೆ ನನ್ನ ಹೆಸರು, ತಪ್ಪಿಲ್ಲದೆ. ಕಾರಿನಲ್ಲಿ ಕರೆದುಕೊಂಡು ಹೋದವರು ಭಾವನೇ. ನೀಲಿ ನೋಟ್‌ಬುಕ್ ಸೀಟಿನ ಮೇಲೆ ಇಟ್ಟಿದ್ದರು.

ಏರಿಕೆಯನ್ನು ಚಾಕ್ ಹಿಡಿದು ಬರೆದೆ. ಎರಡು ಹಿಡಿ, ಒಂದು ಮಗ್, ಸಗಣಿ ನೋಡುವುದು. ಎಲ್ಲರೂ ಬರೆದುಕೊಂಡರು. ಕಡೆಗೆ ಒಬ್ಬ ಹೆಂಗಸು ಎದ್ದಳು. ಎರಡೇ ಹಸು ಇಟ್ಟುಕೊಂಡವಳಂತೆ, ಹೋದ ವರ್ಷ ಒಂದು ಹೋಯಿತಂತೆ.

“ಹಲ್ಲು ಕಡಿಯೋಕೆ ಶುರು ಮಾಡಿದ್ಮೇಲೆ ಎಷ್ಟು ಹೊತ್ತು ಟೈಮ್ ಇರುತ್ತಮ್ಮಾ, ಆ ನೀರು ಕುಡಿಸೋಕೆ?”

ಒಂದು ಗಂಟೆ, ಅದಕ್ಕಿಂತ ಹೆಚ್ಚು ಕಾಯಬಾರದು ಎಂದೆ. ಗೊತ್ತಿದ್ದ ಉತ್ತರ, ಬಾಯಿಂದ ಬಂದುಬಿಟ್ಟಿತು. ಪೆನ್ನುಗಳು ಓಡಿದವು. ಹಿಂದಿನ ಸಾಲಿನಲ್ಲಿ ಭಾವನೂ ಬರೆದುಕೊಳ್ಳುತ್ತಿದ್ದರು. ಅವರ ಪೆನ್ನು ನಿಂತಿತು.

ಫಾರ್ಮಿಗೆ ವಾಪಸ್ ಬಂದೆವು. ಗೇಟಿನ ಹತ್ತಿರ ಕಾರು ನಿಲ್ಲಿಸಿದರು. ಬೈಯಲಿಲ್ಲ. ನಿಜವಾಗಿಯೂ ತಿಳಿಯಬೇಕೆಂಬಂತೆ ಕೇಳಿದರು.

“ಏಳೂವರೆಗೆ ಒಪ್ಕೊಂಡಿದ್ದೆ ಅಲ್ವಾ ನಾನು. ಆಗ ಕೊಟ್ಟಿದ್ರೆ ಮೊಂಡಿ ಉಳೀತಿತ್ತಾ?”

ಗೊತ್ತಿಲ್ಲ ಎಂದೆ.

ಗೊತ್ತಿದೆ. ಏಳೂವರೆಗೆ ನಾನು ಬಾಗಿಲಲ್ಲಿ ನಿಂತಾಗ ಮೊಂಡಿ ಇನ್ನೂ ಕತ್ತು ಎತ್ತಿತ್ತು. ನನ್ನ ದನಿ ಕೇಳಿ ಏಳಲು ನೋಡಿತು, ಮುಂಗಾಲು ಊರಿತು ಕೂಡ. ನಾನು ಅವನೊಂದಿಗೆ ಮಾತಾಡುತ್ತಿದ್ದೆ. ಕೈಯಲ್ಲಿ ಫ್ಲಾಸ್ಕ್, ಇನ್ನೂ ಬಿಸಿ, ನಾಲ್ಕು ಹೆಜ್ಜೆ ಅಷ್ಟೇ, ನಾನು—