ಕೊಡೆಕುರಿ ಇನ್ನೂ ಮನೆಗೆ ಬಂದಿಲ್ಲ

ಯತೀಶ,

ಚಿಕ್ಕಮ್ಮನಿಗೆ ಹುಷಾರಿಲ್ಲವೆಂದು ಹೊಸಬಾಳೆಗೆ ಹೊರಟಿದ್ದೇನೆ. ನಾಳೆ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ರೊಟ್ಟಿ ಬುಟ್ಟಿಯಲ್ಲಿದೆ. ಸೀಮೆಎಣ್ಣೆ ಬಂದಿದೆಯಂತೆ, ರೇಷನ್ ಕಾರ್ಡು ರೇಡಿಯೊ ಕೆಳಗಿದೆ. ಕುಂಟುವ ಟಗರಿನ ಗೊರಸಿಗೆ ಅರಿಶಿನ ಹಚ್ಚು.

ಬೆಳಿಗ್ಗೆ ಬಾಗಿಲಿಗೆ ಅಗಳಿ ಹಾಕಿರಲಿಲ್ಲವೆಂದು ಸುಮಾಳ ಬೆನ್ನಿಗೆ ಬಾರಿಸಿದೆಯಲ್ಲ, ಎಂಟು ವರ್ಷದ ಮಗಳಿಗೆ ಹಾಗೆ ಹೊಡೆಯುತ್ತಾರೇನೋ?

ಅವಳೂ ನಮ್ಮ ಅಪ್ಪನೂ ಕೂತು ಕಟ್ಟಿದ ಕೊಡೆಕುರಿಯ ಕಥೆ ನಿನಗೂ ಗೊತ್ತು. ಆ ಕುರಿ ಕೊಡೆ ಹಿಡಿದು ನಡೆಯುತ್ತದೆ, ಹುಲ್ಲು ಕಂಡರೆ ಸೀನುತ್ತದೆ, ಮಂಡಕ್ಕಿ ಮಾತ್ರ ತಿನ್ನುತ್ತದೆ, ಮಲಗುವುದು ಮನೆಯೊಳಗೆ ಅಪ್ಪನ ಕಂಬಳಿಯಲ್ಲಿ. ಕೊನೆಯ ದಿನ ಅಪ್ಪ ಕಥೆಯಲ್ಲಿ ಅದನ್ನು ಈಜು ಕಲಿಯಲು ಅಂಜನಾಪುರದ ಡ್ಯಾಮಿಗೆ ಕಳಿಸಿ, "ನಾಳಿಗೆ ಮನಿಗೆ ಕರ್ಕಂಬರಾಣ ಬಿಡವ್ವ" ಅಂದಿದ್ದ. ಬೆಳಗಾಗುವಷ್ಟರಲ್ಲಿ ಅಪ್ಪನೇ ಇರಲಿಲ್ಲ.

ಕುರಿಗಳ ಎಣಿಕೆ ತುಂಬುವವರೆಗೆ ದೊಡ್ಡಿಗೆ ಅಗಳಿ ಹಾಕಬಾರದೆಂದು ನಮಗೆಲ್ಲ ಕಲಿಸಿದವನು ಅವನೇ. ಸುಮಾಳ ಲೆಕ್ಕದಲ್ಲಿ ಒಂದು ಕುರಿ ಇನ್ನೂ ಹೊರಗಿದೆ. ಅದಕ್ಕೇ ದಿನಾ ರಾತ್ರಿ ಬಾಗಿಲಿನ ಅಗಳಿ ತೆಗೆಯುತ್ತಿದ್ದಳು.

ಇವತ್ತು ಆ ಕಥೆ ಮುಗಿಸು. ಬೇಕಾದರೆ ಟಿಕೆಟ್ ಕೊಡಿಸಿ ಬಸ್ಸಿಗೆ ಹತ್ತಿಸು, ಹೇಗಾದರೂ ಮಾಡಿ ಕುರಿಯನ್ನು ಮನೆ ಸೇರಿಸು. ಆಮೇಲೆ ಮಗಳ ಹತ್ತಿರ ತಪ್ಪಾಯಿತು ಅನ್ನು.

ಹೋದ ವಾರ ನೀನು ಗದರಿದ ಮೇಲೆ ಅವಳು ಅಗಳಿ ಮುಟ್ಟಿಲ್ಲ. ನಿನ್ನೆ ರಾತ್ರಿ ತೆಗೆದವಳು ನಾನು. ಜಗಲಿಯಲ್ಲಿ ಅಪ್ಪ ಕೆಮ್ಮಿದ ಹಾಗಾಯಿತು. ಅವನನ್ನು ಒಳಗೆ ಎಣಿಸಿಕೊಳ್ಳದೆ ಅಗಳಿ ಹಾಕಲು ಕೈ ಏಳಲಿಲ್ಲ.

ಅಕ್ಕ